ಶಾಸನ ಸಂಪುಟದಿಂದ ದಾಖಲಾತಿ ಜಾಲತಾಣಕ್ಕೆ: ಮಂಜರಾಬಾದ್ ವಿಭಾಗವನ್ನು ಆಧರಿಸಿದ ಪುಟಸಂಚಾರ ವಿವೇಚನೆ

1. ಪ್ರಸ್ತಾವನೆ

ತಂತ್ರಾಂಶಗಳ ಬಳಕೆಯನ್ನು ವಿವರಿಸುವ ಕೈಪಿಡಿಗಳು ಒಂದು ಕಾಲಕ್ಕೆ ಮುದ್ರಿತ ಪುಸ್ತಕಗಳಾಗಿದ್ದವು. ಅವು ಜಾಲತಾಣಗಳಾಗಿ ಮಾರ್ಪಟ್ಟ ಮೇಲೆ, ಸಾವಿರಾರು ಪುಟಗಳ ನಡುವೆ ಓದುಗನು ದಾರಿ ತಪ್ಪದಂತೆ ನಡೆಸುವ ವ್ಯವಸ್ಥೆಯೊಂದು ಅನಿವಾರ್ಯವಾಯಿತು. ಪುಟದ ಪಕ್ಕದಲ್ಲಿ ನಿಲ್ಲುವ ವಿಷಯಸೂಚಿ, ಮೇಲ್ಭಾಗದ ಹಾದಿಸೂಚಿ, ಪುಟದೊಳಗಿನ ಉಪಶೀರ್ಷಿಕೆಗಳ ಪಟ್ಟಿ, ಕೆಳಭಾಗದ 'ಹಿಂದಿನ ಪುಟ–ಮುಂದಿನ ಪುಟ' ಕೊಂಡಿಗಳು, ಹುಡುಕು ಪೆಟ್ಟಿಗೆ ಇವೆಲ್ಲ ಸೇರಿ ಈ ವ್ಯವಸ್ಥೆಯಾಗುತ್ತದೆ. ಇದನ್ನು ಇಲ್ಲಿ 'ಪುಟಸಂಚಾರ' ಎಂದು ಕರೆಯಲಾಗಿದೆ.

ಕನ್ನಡ ಅಧ್ಯಯನಕ್ಕೂ ಈ ವಿಷಯಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದು. ತಂತ್ರಾಂಶ ಕೈಪಿಡಿಗಳಿಗಾಗಿ ರೂಪುಗೊಂಡ ಸಾಧನಗಳು ಇಂದು ಉಚಿತವಾಗಿ ದೊರೆಯುತ್ತವೆ. ಶಾಸನ, ಹಸ್ತಪ್ರತಿ, ನಿಘಂಟು, ಜಾನಪದ ಸಂಗ್ರಹಗಳನ್ನು ಜಾಲದಲ್ಲಿ ಇರಿಸಲು ಬಯಸುವ ಯಾವುದೇ ವಿಭಾಗ ಇವನ್ನು ಬಳಸಬಹುದು. ಪೈಥಾನ್ ಭಾಷೆಯ ಕೈಪಿಡಿಗಾಗಿ ಸಿದ್ಧವಾಗಿ 2008ರಲ್ಲಿ ಬಿಡುಗಡೆಯಾದ ಸ್ಫಿಂಕ್ಸ್, 2014ರ ಎಂಕೆಡಾಕ್ಸ್, 2017ರಲ್ಲಿ ಫೇಸ್‌ಬುಕ್ ಸಂಸ್ಥೆ ಹೊರತಂದ ಡಾಕ್ಯುಸಾರಸ್ ಇವುಗಳಲ್ಲಿ ಮುಖ್ಯವಾದವು. ಆದರೆ ಇವೆಲ್ಲ ರೋಮನ್ ಲಿಪಿಯ ಬರವಣಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಕನ್ನಡ ಪಠ್ಯವನ್ನು ಇವುಗಳಿಗೆ ಒಪ್ಪಿಸಿದಾಗ ಕೆಲವು ದೋಷಗಳು ಸದ್ದಿಲ್ಲದೆ ನುಸುಳುತ್ತವೆ. ಸಂಶೋಧನ ಪ್ರಬಂಧವೊಂದರ ಅಡಿಟಿಪ್ಪಣಿಯು ಒಂದು ಶಾಸನದ ಬದಲು ಇನ್ನೊಂದನ್ನು ತೋರಿಸುವ ಮಟ್ಟಕ್ಕೂ ಇವು ಹೋಗಬಲ್ಲವು.

ಈ ಸಮಸ್ಯೆಯನ್ನು ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ಮಲೆಸೀಮೆಯ ಶಾಸನಗಳನ್ನು ಆಧಾರವಾಗಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸ್ಥಳನಾಮ, ಆಡಳಿತ ವಿಭಾಗ, ಶಾಸನಸಂಖ್ಯೆ ಈ ಮೂರೂ ಬದಲಾದ ಪ್ರದೇಶ ಇದಾದುದರಿಂದ ಪುಟಸಂಚಾರದ ತೊಡಕುಗಳೆಲ್ಲ ಇಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ.

2. ಮುದ್ರಿತ ಸಂಪುಟದ ದಾರಿಗಳು

ಬಿ.ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಐದನೆಯ ಸಂಪುಟ ಹಾಸನ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅದು ಅಚ್ಚಾಯಿತು. ಅದರ ವ್ಯವಸ್ಥೆ ತಾಲ್ಲೂಕುವಾರು: ಹಾಸನ, ಬೇಲೂರು, ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಮಂಜರಾಬಾದ್. ಪ್ರತಿ ತಾಲ್ಲೂಕಿಗೂ ಎರಡಕ್ಷರದ ಸಂಕೇತವಿದ್ದು, ಅದರ ಮುಂದೆ ಕ್ರಮಸಂಖ್ಯೆ ಬರುತ್ತದೆ. ಇಂದಿನ ಸಕಲೇಶಪುರ ತಾಲ್ಲೂಕು ಅಲ್ಲಿ ಮಂಜರಾಬಾದ್. ಅದರ ಸಂಕೇತ 'ಎಂಜೆ'. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯ ಹೆಸರೇ ತಾಲ್ಲೂಕಿಗೂ ಬಂದಿತ್ತು. ಆಲೂರಿಗೆ ಆ ಸಂಪುಟದಲ್ಲಿ ಪ್ರತ್ಯೇಕ ವಿಭಾಗವಿಲ್ಲ. ಇಂದಿನ ಆಲೂರು ತಾಲ್ಲೂಕಿನ ಊರುಗಳ ಶಾಸನಗಳನ್ನು ಅಂದಿನ ನೆರೆಯ ತಾಲ್ಲೂಕುಗಳ ವಿಭಾಗಗಳಲ್ಲಿ ಅರಸಬೇಕು.

ರೈಸ್ ಅವರ ಸಂಪುಟಗಳಲ್ಲಿ ಪೀಠಿಕೆ, ಇಂಗ್ಲಿಷ್ ಅನುವಾದ, ರೋಮನ್ ಲಿಪ್ಯಂತರ, ಕನ್ನಡ ಲಿಪಿಯ ಪಾಠ ಇವು ಬೇರೆ ಬೇರೆ ಭಾಗಗಳಾಗಿವೆ. ಒಂದು ಶಾಸನದ ಪಾಠವನ್ನೂ ಅನುವಾದವನ್ನೂ ಒಟ್ಟಿಗೆ ನೋಡಬಯಸುವವನು ಎರಡು ಕಡೆ ಬೆರಳಿಟ್ಟುಕೊಂಡೇ ಓದಬೇಕು. ಈ ಭಾಗಗಳನ್ನು ಬೆಸೆಯುವ ಏಕೈಕ ಸೂತ್ರವೆಂದರೆ ಸಂಕೇತ ಮತ್ತು ಸಂಖ್ಯೆ. ಆ ಸೂತ್ರ ಎಷ್ಟು ಗಟ್ಟಿಯಾಗಿತ್ತೆಂದರೆ, ಶತಮಾನ ಕಳೆದರೂ ಹೊಯ್ಸಳರ ಮೇಲಿನ ಬರಹಗಳು ಅದನ್ನೇ ಉಲ್ಲೇಖಿಸುತ್ತ ಬಂದಿವೆ.

1902ರ ನಂತರ ದೊರೆತ ಶಾಸನಗಳು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಪ್ರಕಟವಾದವು. ನೆರೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವು ಎಂ.ಎಚ್. ಕೃಷ್ಣ ಅವರ ಮೂಲಕ 1936ರ ವರದಿಯಲ್ಲಿ ಬೆಳಕಿಗೆ ಬಂದುದು ಇದಕ್ಕೆ ಸುಪ್ರಸಿದ್ಧ ನಿದರ್ಶನ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪರಿಷ್ಕೃತ ಆವೃತ್ತಿಯನ್ನು ಹೊರತರತೊಡಗಿತು. ಅಲ್ಲಿ ಶಾಸನಗಳಿಗೆ ಹೊಸ ಸಂಖ್ಯೆಗಳು ಬಂದವು. ಹೀಗೆ ಮಲೆಸೀಮೆಯ ಒಂದೇ ಕಲ್ಲಿಗೆ ಎರಡು ಸಂಖ್ಯೆಗಳೂ ಎರಡು ತಾಲ್ಲೂಕು ಹೆಸರುಗಳೂ ಇರಬಹುದು. ಜಾಲತಾಣವನ್ನು ಯೋಜಿಸುವವರು ಮೊದಲು ಎದುರಿಸಬೇಕಾದ ವಸ್ತುಸ್ಥಿತಿ ಇದು.

3. ಪಕ್ಕಸೂಚಿಯ ರಚನೆ

ದಾಖಲಾತಿ ಸಾಧನಗಳಲ್ಲಿ ಪುಟಗಳ ಅನುಕ್ರಮವನ್ನು ಎರಡು ರೀತಿಯಲ್ಲಿ ನಿಗದಿಪಡಿಸಬಹುದು. ಸಂಪಾದಕನೇ ಪಟ್ಟಿಯನ್ನು ಬರೆದುಕೊಡುವುದು ಒಂದು. ಕಡತಗಳ ಹೆಸರುಗಳನ್ನು ನೋಡಿ ಸಾಧನವೇ ಪಟ್ಟಿ ಮಾಡಿಕೊಳ್ಳುವುದು ಇನ್ನೊಂದು. ಎಂಕೆಡಾಕ್ಸ್‌ನಲ್ಲಿ ಸಂರಚನಾ ಕಡತದ 'ನ್ಯಾವ್' ಎಂಬ ಭಾಗದಲ್ಲಿ ಪಟ್ಟಿ ಇರುತ್ತದೆ. ಅದನ್ನು ಕೊಡದಿದ್ದರೆ ಸಾಧನವು ಕಡತಗಳನ್ನು ಹೆಸರಿನ ಕ್ರಮದಲ್ಲಿ ಜೋಡಿಸುತ್ತದೆ. ಸ್ಫಿಂಕ್ಸ್‌ನಲ್ಲಿ 'ಟಾಕ್‌ಟ್ರೀ' ಎಂಬ ನಿರ್ದೇಶನ ಈ ಕೆಲಸ ಮಾಡುತ್ತದೆ. ಯಾವ ಟಾಕ್‌ಟ್ರೀಗೂ ಸೇರದ ಪುಟವಿದ್ದರೆ ಸ್ಫಿಂಕ್ಸ್ ಎಚ್ಚರಿಕೆ ನೀಡುತ್ತದೆ. ಒಂದು ಶಾಸನವೂ ಪಟ್ಟಿಯಿಂದ ಜಾರಿಹೋಗಬಾರದೆಂಬ ಸಂಪಾದಕನಿಗೆ ಈ ಎಚ್ಚರಿಕೆ ಬಹಳ ಉಪಯುಕ್ತ.

ಕಡತದ ಹೆಸರನ್ನು ನಂಬಿ ಪಟ್ಟಿ ಮಾಡಿದರೆ ಮೊದಲ ತೊಡಕು ಸಂಖ್ಯೆಗಳಲ್ಲಿ ಎದುರಾಗುತ್ತದೆ. ಅಕ್ಷರ ಅಕ್ಷರವಾಗಿ ಹೋಲಿಸುವ ಕ್ರಮದಲ್ಲಿ 1ರ ನಂತರ 10, 11 ಬಂದು ಆಮೇಲೆ 2 ಬರುತ್ತದೆ. ಸಂಖ್ಯೆಗಳನ್ನು 001, 002, 010 ಎಂದು ಮೂರಂಕಿಯಲ್ಲಿ ಬರೆಯುವುದೇ ಇದಕ್ಕೆ ಸರಳ ಪರಿಹಾರ.

ಎರಡನೆಯ ತೊಡಕು ಊರುಗಳ ಅಕಾರಾದಿಯದು. ಕನ್ನಡ ವರ್ಣಮಾಲೆಯಲ್ಲಿ 'ಳ' ಕೊನೆಯ ಅಕ್ಷರ. ಯೂನಿಕೋಡ್‌ನ ಸಂಕೇತ ಕ್ರಮದಲ್ಲಿ ಅದು 'ಲ'ದ ನಂತರ, 'ವ'ಕ್ಕಿಂತ ಮುಂಚೆ ಇದೆ. 'ಱ' ಅಕ್ಷರ 'ರ'ದ ಮಗ್ಗುಲಲ್ಲಿದೆ. 'ೞ' ಮಾತ್ರ ಸ್ವರಚಿಹ್ನೆಗಳೂ ಮುಗಿದ ಮೇಲೆ ಬರುತ್ತದೆ. ಸಂಕೇತ ಕ್ರಮವನ್ನೇ ಅನುಸರಿಸುವ ಪಟ್ಟಿಯಲ್ಲಿ ಮೂರನೆಯ ಅಕ್ಷರವೋ ನಾಲ್ಕನೆಯ ಅಕ್ಷರವೋ 'ಳ' ಆಗಿರುವ ಊರು ನಿಘಂಟಿನ ಕ್ರಮಕ್ಕೆ ಒಗ್ಗಿದ ಓದುಗನು ನಿರೀಕ್ಷಿಸಿದ ಜಾಗದಲ್ಲಿ ದೊರೆಯದು. ಹಳಗನ್ನಡ ರೂಪಗಳನ್ನು ಹೊತ್ತ ಪದಸೂಚಿಯಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಆದುದರಿಂದ ಊರುಗಳ ಪಟ್ಟಿಯನ್ನು ಸಂಪಾದಕನೇ ಬರೆದುಕೊಡುವುದು ಲೇಸು.

ಮೂರನೆಯದು ಆಳದ ಪ್ರಶ್ನೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಶಾಸನ ಎಂದು ಐದು ಹಂತಗಳಾಗುತ್ತವೆ. ಐದನ್ನೂ ಪಕ್ಕಸೂಚಿಯಲ್ಲಿ ಬಿಚ್ಚಿಟ್ಟರೆ ಮೊಬೈಲಿನ ಕಿರಿದಾದ ತೆರೆಯಲ್ಲಿ ಅದು ಓದಲಾಗದು. ಸಕಲೇಶಪುರ ತಾಲ್ಲೂಕಿನಲ್ಲಿ ಕಸಬಾ, ಬೆಳಗೋಡು, ಹಾನುಬಾಳು, ಹೆತ್ತೂರು, ಯಸಳೂರು ಎಂದು ಐದು ಹೋಬಳಿಗಳು. ಆಲೂರಿನಲ್ಲಿ ಕಸಬಾ, ಪಾಳ್ಯ, ಕುಂದೂರು, ಕೆ. ಹೊಸಕೋಟೆ ಎಂದು ನಾಲ್ಕು. ಪಕ್ಕಸೂಚಿಯಲ್ಲಿ ತಾಲ್ಲೂಕು, ಹೋಬಳಿ, ಊರು ಈ ಮೂರು ಹಂತಗಳನ್ನು ಮಾತ್ರ ಇಟ್ಟು, ಊರಿನ ಪುಟದಲ್ಲಿ ಅಲ್ಲಿಯ ಶಾಸನಗಳ ಪಟ್ಟಿಯನ್ನು ಕೊಡುವುದು ಸಮಂಜಸ. ಎರಡು ತಾಲ್ಲೂಕುಗಳಲ್ಲೂ 'ಕಸಬಾ' ಇರುವುದರಿಂದ ಶೀರ್ಷಿಕೆಯನ್ನು 'ಆಲೂರು ಕಸಬಾ', 'ಸಕಲೇಶಪುರ ಕಸಬಾ' ಎಂದೇ ಬರೆಯಬೇಕು. ಹುಡುಕು ಫಲಿತಾಂಶದಲ್ಲಿ ಬರಿಯ 'ಕಸಬಾ' ಎಂಬ ಎರಡು ಸಾಲುಗಳು ಬಂದರೆ ಓದುಗನಿಗೆ ಅದರಿಂದ ಪ್ರಯೋಜನವಿಲ್ಲ.

4. 'ಅದೇ ಗ್ರಾಮದ' ಎಂಬ ಶೀರ್ಷಿಕೆ

ಮುದ್ರಿತ ಸಂಪುಟಗಳಲ್ಲಿ ಒಂದು ಊರಿನ ಮೊದಲ ಶಾಸನಕ್ಕೆ ಹೋಬಳಿ ಮತ್ತು ಊರಿನ ಹೆಸರುಗಳನ್ನು ಪೂರ್ಣವಾಗಿ ಕೊಟ್ಟು, ಮುಂದಿನವುಗಳಿಗೆ 'ಅದೇ ಗ್ರಾಮದ' ಎಂದು ಆರಂಭಿಸಿ ದೇವಸ್ಥಾನದ ಬಾಗಿಲು, ಕೆರೆಯ ಏರಿ, ವೀರಗಲ್ಲು ಮುಂತಾಗಿ ನೆಲೆಯನ್ನಷ್ಟೇ ಹೇಳುವ ಪದ್ಧತಿಯಿದೆ. ಪುಸ್ತಕದಲ್ಲಿ ಇದು ಮಿತವ್ಯಯದ, ಸ್ಪಷ್ಟವಾದ ಕ್ರಮ. ಕಣ್ಣು ಮೇಲಕ್ಕೆ ಹೋದರೆ ಊರಿನ ಹೆಸರು ಅಲ್ಲಿಯೇ ಇರುತ್ತದೆ.

ಜಾಲಪುಟದ ಓದುಗ ಮೇಲಿನಿಂದ ಇಳಿದು ಬರುವವನಲ್ಲ. ಹುಡುಕು ಯಂತ್ರದಿಂದಲೋ ಮತ್ತೊಬ್ಬರ ಅಡಿಟಿಪ್ಪಣಿಯಿಂದಲೋ ನೇರವಾಗಿ ನಡುವಿನ ಪುಟಕ್ಕೆ ಬಂದಿಳಿಯುತ್ತಾನೆ. ಆತನಿಗೆ 'ಅದೇ' ಎಂಬ ಸರ್ವನಾಮ ಏನನ್ನೂ ಸೂಚಿಸದು. ಪಠ್ಯವನ್ನು ಜಾಲಕ್ಕೆ ತರುವಾಗ ಇಂತಹ ಪ್ರತಿ ಶೀರ್ಷಿಕೆಯಲ್ಲೂ ಊರಿನ ಹೆಸರನ್ನು ಮರಳಿ ತುಂಬಬೇಕಾಗುತ್ತದೆ. ಸಂಪಾದಕನು ಸೇರಿಸಿದ ಭಾಗವನ್ನು ಚೌಕ ಕಂಸದಲ್ಲಿಟ್ಟರೆ ಮೂಲದ ಶೀರ್ಷಿಕೆಗೂ ಧಕ್ಕೆಯಾಗದು. ಹಾದಿಸೂಚಿ ಇರುವುದೂ ಇದೇ ಉದ್ದೇಶಕ್ಕೆ. 'ಹಾಸನ ಜಿಲ್ಲೆ, ಸಕಲೇಶಪುರ ತಾಲ್ಲೂಕು, ಹೆತ್ತೂರು ಹೋಬಳಿ' ಎಂಬ ಸಾಲು ಪುಟದ ನೆತ್ತಿಯಲ್ಲಿದ್ದರೆ ಓದುಗನಿಗೆ ತಾನಿರುವ ಸ್ಥಾನ ತಿಳಿಯುತ್ತದೆ. ಹಾದಿಸೂಚಿಯು ಓದುಗ ಬಂದ ದಾರಿಯ ದಾಖಲೆಯಾಗಿರದೆ ಪುಟದ ಸ್ಥಾನದ ನಿರೂಪಣೆಯಾಗಿರಬೇಕೆಂಬುದು ಇಲ್ಲಿ ಗಮನಾರ್ಹ.

5. ಪುಟದ ವಿಳಾಸ

ಪುಟಸಂಚಾರದ ಅತ್ಯಂತ ಗಂಭೀರವಾದ ಭಾಗ ವಿಳಾಸ. ವಿಶ್ವವ್ಯಾಪಿ ಜಾಲದ ನಿರ್ಮಾತೃ ಟಿಮ್ ಬರ್ನರ್ಸ್-ಲೀ ಅವರು ಒಳ್ಳೆಯ ವಿಳಾಸ ಬದಲಾಗದು ಎಂಬ ತತ್ತ್ವವನ್ನು 1998ರಲ್ಲಿಯೇ ಮಂಡಿಸಿದ್ದರು. ಬದಲಾಗುವ ಸಂಗತಿಗಳನ್ನು ವಿಳಾಸದಲ್ಲಿ ಸೇರಿಸಬಾರದೆಂಬುದು ಅದರ ತಿರುಳು.

ಈ ದೃಷ್ಟಿಯಿಂದ ನೋಡಿದರೆ ತಾಲ್ಲೂಕಿನ ಹೆಸರನ್ನು ವಿಳಾಸದಲ್ಲಿ ಸೇರಿಸುವುದು ಅಪಾಯಕಾರಿ. ಮಂಜರಾಬಾದ್ ಎಂಬುದು ಸಕಲೇಶಪುರವಾಯಿತು. ಆಲೂರು ತಾನೇ ತಾಲ್ಲೂಕಾಯಿತು. ಊರುಗಳೂ ಸ್ಥಿರವಲ್ಲ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ನದಿಯಂಚಿನ ಊರುಗಳು ಮುಳುಗಿದವು. ಕಲ್ಲು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿದರೆ ಅದರ ವಿಳಾಸವೂ ಸಾಗಬೇಕೆ? ಸಾಗಬಾರದು. ಸಂಪುಟ, ಸಂಕೇತ, ಸಂಖ್ಯೆ ಇವುಗಳಿಂದಲೇ ವಿಳಾಸವನ್ನು ರೂಪಿಸಿ, ಊರು ಮತ್ತು ತಾಲ್ಲೂಕುಗಳನ್ನು ಪಕ್ಕಸೂಚಿಗೆ ಬಿಡುವುದು ಸರಿಯಾದ ಕ್ರಮ. ಪಕ್ಕಸೂಚಿಯನ್ನು ಎಷ್ಟು ಸಲ ಬೇಕಾದರೂ ಮರುಜೋಡಿಸಬಹುದು. ವಿಳಾಸವನ್ನು ಒಮ್ಮೆ ಮಾತ್ರ ಕೊಡಬಹುದು.

ಸಂಕೇತಗಳನ್ನು ಹಾಗೆಯೇ ಎತ್ತಿಕೊಂಡರೂ ಒಂದು ತೊಡಕಿದೆ. ಐದನೆಯ ಸಂಪುಟದಲ್ಲಿ ಹಾಸನ ತಾಲ್ಲೂಕಿನ ಸಂಕೇತ ಎಚ್, ಎನ್ ಎಂಬ ರೋಮನ್ ಅಕ್ಷರಗಳು. ಹೊಳೆನರಸೀಪುರದ ಸಂಕೇತವೂ ಅವೇ ಅಕ್ಷರಗಳು. ಹಾಸನದ್ದರಲ್ಲಿ ಎನ್ ಸಣ್ಣಕ್ಷರ, ಹೊಳೆನರಸೀಪುರದ್ದರಲ್ಲಿ ದೊಡ್ಡಕ್ಷರ ಎಂಬುದಷ್ಟೇ ಭೇದ. ಜಾಲವಿಳಾಸಗಳನ್ನು ಸಣ್ಣಕ್ಷರದಲ್ಲಿಯೇ ಬರೆಯುವುದು ರೂಢಿ. ಕೆಲವು ಗಣಕಗಳ ಕಡತವ್ಯವಸ್ಥೆ ದೊಡ್ಡಕ್ಷರ ಸಣ್ಣಕ್ಷರಗಳ ನಡುವೆ ಭೇದವೆಣಿಸುವುದೂ ಇಲ್ಲ. ಪರಿಣಾಮವಾಗಿ ಒಂದು ತಾಲ್ಲೂಕಿನ ಐದನೆಯ ಶಾಸನದ ಮೇಲೆ ಇನ್ನೊಂದರ ಐದನೆಯ ಶಾಸನ ಬರೆಯಲ್ಪಟ್ಟು, ಮೊದಲಿನದು ಅಳಿಸಿಹೋಗಬಹುದು. ಆದುದರಿಂದ ಹೊಳೆನರಸೀಪುರಕ್ಕೆ ಜಾಲತಾಣದ ಮಟ್ಟಿಗೆ ಬೇರೆ ಸಂಕೇತವನ್ನು ಗೊತ್ತುಮಾಡಿ, ಅದನ್ನು ಪೀಠಿಕೆಯಲ್ಲಿ ತಿಳಿಸುವುದು ಅಗತ್ಯ.

ವಿಳಾಸವನ್ನು ಕನ್ನಡ ಅಕ್ಷರಗಳಲ್ಲಿಯೇ ಇಡಬಹುದಲ್ಲವೆ ಎಂಬ ಪ್ರಶ್ನೆಯೂ ಏಳುತ್ತದೆ. ತಾಂತ್ರಿಕವಾಗಿ ಸಾಧ್ಯ. ಆದರೆ ಅಂತಹ ವಿಳಾಸವನ್ನು ನಕಲು ಮಾಡಿ ಅಂಟಿಸಿದಾಗ ಅದು ಅನೇಕ ವೇಳೆ ಶೇಕಡಾ ಚಿಹ್ನೆಗಳ ಸರಣಿಯಾಗಿ ಮಾರ್ಪಡುತ್ತದೆ. ಯೂನಿಕೋಡ್‌ನ ಪ್ರತಿ ಕನ್ನಡ ಸಂಕೇತವೂ ಯುಟಿಎಫ್-8 ವಿಧಾನದಲ್ಲಿ ಮೂರು ಬೈಟ್. ಪ್ರತಿ ಬೈಟ್ ವಿಳಾಸದಲ್ಲಿ ಮೂರು ಚಿಹ್ನೆಗಳಾಗುತ್ತದೆ. 'ಹೆತ್ತೂರು' ಎಂಬ ಪದದಲ್ಲಿ ಸ್ವರಚಿಹ್ನೆ, ಹಲಂತಗಳನ್ನೂ ಎಣಿಸಿದರೆ ಎಂಟು ಸಂಕೇತಗಳು. ವಿಳಾಸದಲ್ಲಿ ಅದು 72 ಚಿಹ್ನೆಗಳು. ಮುದ್ರಿತ ಅಡಿಟಿಪ್ಪಣಿಯಲ್ಲಿ ಇದನ್ನು ಕೊಡಲಾಗದು, ಓದಿ ಹೇಳಲಂತೂ ಆಗದು. ವಿಳಾಸವು ರೋಮನ್ ಸಂಕೇತ ಮತ್ತು ಸಂಖ್ಯೆಯಲ್ಲಿದ್ದು, ಓದುಗನಿಗೆ ಕಾಣುವ ಸೂಚಿ, ಶೀರ್ಷಿಕೆ, ಹಾದಿಸೂಚಿಗಳೆಲ್ಲ ಕನ್ನಡದಲ್ಲಿರುವುದು ವ್ಯವಹಾರಯೋಗ್ಯ.

6. ಪುಟದೊಳಗಿನ ಗುರುತುಗಳು

ಒಂದು ಶಾಸನದ ಪುಟದಲ್ಲಿ ನೆಲೆ, ಕಾಲ, ಪಾಠ, ಲಿಪ್ಯಂತರ, ಅನುವಾದ, ಟಿಪ್ಪಣಿ ಎಂಬ ಉಪಶೀರ್ಷಿಕೆಗಳಿರುತ್ತವೆ ಎಂದುಕೊಳ್ಳೋಣ. ರೈಸ್ ಅವರ ಸಂಪುಟದಲ್ಲಿ ದೂರದೂರವಿದ್ದ ಭಾಗಗಳು ಇಲ್ಲಿ ಒಂದೇ ಪುಟಕ್ಕೆ ಬರುವುದು ಜಾಲಮಾಧ್ಯಮದ ದೊಡ್ಡ ಅನುಕೂಲ. ಪ್ರತಿ ಉಪಶೀರ್ಷಿಕೆಗೂ ಸಾಧನವು ತಾನಾಗಿ ಒಂದು ಗುರುತನ್ನು ಕೊಡುತ್ತದೆ. ಆ ಗುರುತಿನ ಮೂಲಕ ನೇರವಾಗಿ 'ಅನುವಾದ'ಕ್ಕೆ ಕೊಂಡಿ ಹಾಕಬಹುದು.

ಕನ್ನಡಕ್ಕೆ ವಿಶಿಷ್ಟವಾದ ದೋಷ ಇಲ್ಲಿಯೇ ತಲೆದೋರುತ್ತದೆ. ಎಂಕೆಡಾಕ್ಸ್ ಅವಲಂಬಿಸಿರುವ ಪೈಥಾನ್-ಮಾರ್ಕ್‌ಡೌನ್ ಸಾಧನವು ಪೂರ್ವನಿಯೋಜಿತ ವಿಧಾನದಲ್ಲಿ ಶೀರ್ಷಿಕೆಯಿಂದ ರೋಮನೇತರ ಅಕ್ಷರಗಳನ್ನೆಲ್ಲ ತೆಗೆದುಹಾಕುತ್ತದೆ. ಕನ್ನಡ ಶೀರ್ಷಿಕೆಯಲ್ಲಿ ಏನೂ ಉಳಿಯುವುದಿಲ್ಲ. ಆಗ ಅದು ಬರಿಯ ಕ್ರಮಸಂಖ್ಯೆಯನ್ನೇ ಗುರುತಾಗಿ ಕೊಡುತ್ತದೆ. 'ಅನುವಾದ' ಐದನೆಯ ಉಪಶೀರ್ಷಿಕೆಯಾಗಿದ್ದರೆ ಅದರ ಗುರುತು ಶೀರ್ಷಿಕೆಯ ಸ್ಥಾನವನ್ನು ಮಾತ್ರ ಅವಲಂಬಿಸಿದ ಒಂದು ಅಂಕಿ. ಮುಂದೊಂದು ದಿನ ಸಂಪಾದಕನು 'ಕಾಲ'ದ ನಂತರ 'ಪಾಠಾಂತರ' ಎಂಬ ಹೊಸ ಉಪಶೀರ್ಷಿಕೆಯನ್ನು ಸೇರಿಸಿದರೆ ಕೆಳಗಿನ ಅಂಕಿಗಳೆಲ್ಲ ಒಂದೊಂದು ಮುಂದೆ ಸರಿಯುತ್ತವೆ. 'ಅನುವಾದ'ವನ್ನು ಉದ್ದೇಶಿಸಿದ್ದ ಹಳೆಯ ಕೊಂಡಿ ಈಗ 'ಲಿಪ್ಯಂತರ'ಕ್ಕೆ ಕರೆದೊಯ್ಯುತ್ತದೆ. ದೋಷಸಂದೇಶ ಬರುವುದಿಲ್ಲ, ಪುಟ ಸರಿಯಾಗಿಯೇ ತೆರೆದಂತೆ ಕಾಣುತ್ತದೆ.

ಯೂನಿಕೋಡ್ ಅಕ್ಷರಗಳನ್ನು ಉಳಿಸಿಕೊಳ್ಳುವ ಪರ್ಯಾಯ ಆಯ್ಕೆಯೊಂದು ಆ ಸಾಧನದಲ್ಲಿಯೇ ಇದೆ. ಆದರೆ ಅದು ಬಳಸುವ ಅಕ್ಷರಶೋಧಕವು ಪೈಥಾನ್‌ನದು. ಅದರ ಲೆಕ್ಕದಲ್ಲಿ ಕನ್ನಡದ ಸ್ವರಚಿಹ್ನೆ, ಅನುಸ್ವಾರ, ಹಲಂತಗಳು ಪದದ ಅಂಗಗಳಲ್ಲ. ಹೀಗಾಗಿ ಕಾಗುಣಿತವೆಲ್ಲ ಕಳಚಿ ಮೂಲ ವ್ಯಂಜನಗಳು ಮಾತ್ರ ಉಳಿಯುತ್ತವೆ. 'ವೀರಗಲ್ಲು' ಎಂಬುದು 'ವರಗಲಲ' ಆಗುತ್ತದೆ. 'ಸಂಪುಟ' ಎಂಬುದು 'ಸಪಟ'. ಇದಕ್ಕಿಂತ ಕೆಟ್ಟ ಪರಿಣಾಮವೆಂದರೆ ಭಿನ್ನ ಪದಗಳು ಒಂದಾಗಿಬಿಡುವುದು. 'ಪಾಠ' ಮತ್ತು 'ಪೀಠ' ಎರಡೂ 'ಪಠ'. 'ಕಾಲ' ಮತ್ತು 'ಕಲೆ' ಎರಡೂ 'ಕಲ'. ಮೂರ್ತಿಯ ಪೀಠದ ಮೇಲಿನ ಶಾಸನವನ್ನು ವಿವರಿಸುವ ಪುಟದಲ್ಲಿ ಈ ನಾಲ್ಕೂ ಉಪಶೀರ್ಷಿಕೆಗಳು ಒಟ್ಟಿಗೆ ಬರುವುದು ಅಸಂಭವವೇನಲ್ಲ. ಒಂದೇ ಗುರುತು ಎರಡು ಕಡೆ ಬಂದಾಗ ಸಾಧನವು ಎರಡನೆಯದಕ್ಕೆ ಅಂಕಿಯನ್ನು ಅಂಟಿಸುತ್ತದೆ. ಮತ್ತೆ ಮೊದಲಿನ ಸಮಸ್ಯೆಯೇ ಉಳಿಯುತ್ತದೆ.

ಈ ದೋಷವನ್ನು ಆಮೇಲೆ ಸರಿಪಡಿಸುವುದೂ ಸುಲಭವಲ್ಲ. ಪುಟವೊಂದು ಸ್ಥಳ ಬದಲಿಸಿದರೆ '301' ಎಂಬ ಸಂಕೇತದ ಮೂಲಕ ಹಳೆಯ ವಿಳಾಸದಿಂದ ಹೊಸದಕ್ಕೆ ಓದುಗನನ್ನು ಕಳುಹಿಸಲು ಸರ್ವರ್‌ಗೆ ಸಾಧ್ಯ. ಆದರೆ ವಿಳಾಸದಲ್ಲಿ ಹ್ಯಾಷ್ ಚಿಹ್ನೆಯ ನಂತರ ಬರುವ ಒಳಗುರುತು ಸರ್ವರ್‌ಗೆ ತಲುಪುವುದೇ ಇಲ್ಲ. ಅದನ್ನು ಓದುಗನ ಬ್ರೌಸರ್ ಮಾತ್ರ ನೋಡುತ್ತದೆ. ಗುರುತು ದೊರೆಯದಿದ್ದರೆ ಬ್ರೌಸರ್ ಪುಟದ ನೆತ್ತಿಯನ್ನು ತೋರಿಸಿ ಸುಮ್ಮನಾಗುತ್ತದೆ.

ಆದುದರಿಂದ ಪ್ರತಿ ಉಪಶೀರ್ಷಿಕೆಗೂ ಸಂಪಾದಕನೇ ಕೈಯಾರೆ ಸ್ಥಿರವಾದ ರೋಮನ್ ಗುರುತನ್ನು ಕೊಡಬೇಕು. ಎಂಕೆಡಾಕ್ಸ್‌ನಲ್ಲಿ ಶೀರ್ಷಿಕೆಯ ಕೊನೆಯಲ್ಲಿ ಪುಷ್ಪಾವರಣದೊಳಗೆ ಇದನ್ನು ಬರೆಯಬಹುದು. ಸ್ಫಿಂಕ್ಸ್‌ನಲ್ಲಿ ಶೀರ್ಷಿಕೆಯ ಮೇಲಿನ ಸಾಲಿನಲ್ಲಿ ಬರೆಯಬಹುದು. ಎಲ್ಲ ಶಾಸನಗಳಲ್ಲೂ ಆರೇಳು ಉಪಶೀರ್ಷಿಕೆಗಳು ಒಂದೇ ಆಗಿರುವುದರಿಂದ ಇದು ಹೊರೆಯಾಗುವ ಕೆಲಸವಲ್ಲ. ಮೊದಲ ದಿನವೇ ಮಾಡಬೇಕೆಂಬುದು ಮಾತ್ರ ಮುಖ್ಯ.

7. 'ಮುಂದಿನ ಪುಟ' ಎಂದರೇನು?

ದಾಖಲಾತಿ ಸಾಧನಗಳು 'ಹಿಂದಿನ', 'ಮುಂದಿನ' ಕೊಂಡಿಗಳನ್ನು ಪಕ್ಕಸೂಚಿಯ ಕ್ರಮದಿಂದಲೇ ಪಡೆಯುತ್ತವೆ. ತಂತ್ರಾಂಶದ ಕೈಪಿಡಿಯಲ್ಲಿ ಇದಕ್ಕೆ ಅರ್ಥವಿದೆ: ಸ್ಥಾಪನೆಯ ನಂತರ ಸಂರಚನೆ, ಆಮೇಲೆ ಬಳಕೆ. ಶಾಸನಗಳಲ್ಲಿ 'ಮುಂದಿನದು' ಎಂದರೆ ಯಾವುದು? ರೈಸ್ ಅವರ ಸಂಖ್ಯೆಗಳು ಊರಿಂದೂರಿಗೆ ಸಾಗುತ್ತವೆ, ಕಾಲದ ಕ್ರಮದಲ್ಲಿ ಅಲ್ಲ. ಹೊಯ್ಸಳರ ಕಾಲದ ಶಾಸನದ ಮುಂದಿನ ಸಂಖ್ಯೆಯಲ್ಲಿ ವಿಜಯನಗರದ ಕಾಲದ ಶಾಸನ ಬರಬಹುದು; ಅವೆರಡೂ ಒಂದೇ ಊರಿನಲ್ಲಿವೆ ಎಂಬುದೇ ಆ ನೆರೆಹೊರೆಗೆ ಆಧಾರ.

ಕ್ಷೇತ್ರಕಾರ್ಯಕ್ಕೆ ಹೋದವನಿಗೆ ಈ ಸ್ಥಳಕ್ರಮವೇ ಬೇಕು. ರಾಜವಂಶದ ಚರಿತ್ರೆಯನ್ನು ಬರೆಯುವವನಿಗೆ ಕಾಲಕ್ರಮ ಬೇಕು. ಐಗೂರು ಪಾಳೆಯಗಾರರ ವಿಷಯವನ್ನು ಅರಸುವವನಿಗೆ ವ್ಯಕ್ತಿನಾಮಗಳ ಸೂಚಿ ಬೇಕು. ಒಂದೇ ಪಕ್ಕಸೂಚಿ ಈ ಮೂವರಿಗೂ ಒದಗದು. ಮುದ್ರಿತ ಸಂಪುಟಗಳು ಕಾಲಾನುಕ್ರಮ ಪಟ್ಟಿ ಮತ್ತು ಪದಸೂಚಿಗಳನ್ನು ಪ್ರತ್ಯೇಕವಾಗಿ ಕೊಟ್ಟುದರ ಕಾರಣ ಇದೇ. ಜಾಲತಾಣಗಳ ಸುಗಮ ಬಳಕೆಗಾಗಿ 2008ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಒಂದು ಪುಟವನ್ನು ತಲುಪಲು ಒಂದಕ್ಕಿಂತ ಹೆಚ್ಚು ದಾರಿಗಳಿರಬೇಕೆಂದೂ, ಸಂಚಾರದ ಕೊಂಡಿಗಳು ಎಲ್ಲ ಪುಟಗಳಲ್ಲೂ ಒಂದೇ ಕ್ರಮದಲ್ಲಿರಬೇಕೆಂದೂ ಹೇಳುತ್ತವೆ. ಪಕ್ಕಸೂಚಿಯಲ್ಲಿ ಸ್ಥಳಕ್ರಮವನ್ನು ಇಟ್ಟುಕೊಂಡು, ಕಾಲಾನುಕ್ರಮಕ್ಕೆ ಒಂದು, ವ್ಯಕ್ತಿ–ಸ್ಥಳನಾಮಗಳಿಗೆ ಒಂದು, ಹಳೆಯ–ಹೊಸ ಸಂಖ್ಯೆಗಳ ಹೊಂದಾಣಿಕೆಗೆ ಒಂದು ಎಂದು ಮೂರು ಸೂಚಿಪುಟಗಳನ್ನು ಸಿದ್ಧಪಡಿಸಬೇಕು. ಕೆಳಗಿನ ಕೊಂಡಿಗಳಲ್ಲಿ ಬರಿಯ 'ಮುಂದಿನ ಪುಟ' ಎನ್ನದೆ, ಮುಂದಿನ ಶಾಸನದ ಊರು ಮತ್ತು ಸಂಖ್ಯೆಯನ್ನು ತೋರಿಸಬೇಕು.

ಹುಡುಕು ಪೆಟ್ಟಿಗೆಯೊಂದಿದ್ದರೆ ಸೂಚಿಗಳೇಕೆ ಎಂಬ ವಾದ ಕನ್ನಡದಲ್ಲಿ ನಿಲ್ಲದು. ಮಂಜರಾಬಾದ್, ಮಂಜರಾಬಾದು, ಸಕಲೇಶಪುರ, ಸಕ್ಲೇಶಪುರ ಇವು ಗಣಕಕ್ಕೆ ನಾಲ್ಕು ಬೇರೆ ಪದಗಳು. ವಿಭಕ್ತಿ ಪ್ರತ್ಯಯ ಹತ್ತಿದೊಡನೆ ಇವು ಇನ್ನಷ್ಟು ರೂಪಗಳಾಗುತ್ತವೆ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪಠ್ಯವಂತೂ ಯೂನಿಕೋಡ್‌ಗೆ ಪರಿವರ್ತನೆಯಾಗುವ ತನಕ ಹುಡುಕಾಟಕ್ಕೆ ರೋಮನ್ ಅಕ್ಷರಗಳ ರಾಶಿಯಷ್ಟೆ. ಪರ್ಯಾಯ ರೂಪಗಳನ್ನೆಲ್ಲ ಒಂದೆಡೆ ಕೊಟ್ಟು ಮುಖ್ಯರೂಪಕ್ಕೆ ನಿರ್ದೇಶಿಸುವ ಸೂಚಿಯನ್ನು ಭಾಷೆ ಬಲ್ಲ ಸಂಪಾದಕನೇ ಮಾಡಬೇಕು.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ವಿಳಾಸವು ಸಂಪುಟ ಮತ್ತು ಸಂಖ್ಯೆಯನ್ನು ಅವಲಂಬಿಸಿ ಸ್ಥಿರವಾಗಿರಬೇಕು. ಆಡಳಿತ ವಿಭಾಗಗಳು ಪಕ್ಕಸೂಚಿಯಲ್ಲಿರಬೇಕು. ಶೀರ್ಷಿಕೆ ತನ್ನಷ್ಟಕ್ಕೆ ಪೂರ್ಣವಾಗಿರಬೇಕು. ಒಳಗುರುತುಗಳನ್ನು ಸಾಧನಕ್ಕೆ ಬಿಡಬಾರದು. ಊರುಗಳ ಕ್ರಮವನ್ನೂ ಸೂಚಿಗಳನ್ನೂ ಸಂಪಾದಕನು ನಿರ್ಧರಿಸಬೇಕು.

ಇವುಗಳಲ್ಲಿ ಯಾವುದೂ ದುಬಾರಿ ಯಂತ್ರವನ್ನೋ ವಿಶೇಷ ತಂತ್ರಜ್ಞನನ್ನೋ ಬೇಡುವಂಥದಲ್ಲ. 'ಪಾಠ' ಮತ್ತು 'ಪೀಠ' ಒಂದೇ ಅಲ್ಲವೆಂದು ಸಾಧನಕ್ಕೆ ತಿಳಿಯದು. 'ಅದೇ ಗ್ರಾಮ' ಯಾವ ಗ್ರಾಮವೆಂದೂ ತಿಳಿಯದು. ಅದನ್ನು ತಿಳಿದವರು ಕನ್ನಡ ವಿಭಾಗಗಳಲ್ಲಿದ್ದಾರೆ. ಶಾಸನಗಳನ್ನು ಜಾಲಕ್ಕೆ ತರುವ ಕೆಲಸದಲ್ಲಿ ಪುಟಸಂಚಾರದ ಯೋಜನೆಯನ್ನು ತಂತ್ರಾಂಶ ತಯಾರಕರಿಗೆ ಪೂರ್ಣವಾಗಿ ಒಪ್ಪಿಸದೆ, ಸಂಪಾದನ ಕಾರ್ಯದ ಒಂದು ಅಂಗವೆಂದೇ ಭಾವಿಸಬೇಕಾಗಿದೆ. ಹಾಗಾದಾಗ ಹೆತ್ತೂರಿನ ಕಾಫಿ ತೋಟದ ಅಂಚಿನಲ್ಲಿ ಕಲ್ಲಿನ ಎದುರು ನಿಂತ ವಿದ್ಯಾರ್ಥಿಗೂ, ಗ್ರಂಥಾಲಯದಲ್ಲಿ 1902ರ ಸಂಪುಟವನ್ನು ತೆರೆದು ಕುಳಿತ ಸಂಶೋಧಕನಿಗೂ ಒಂದೇ ಸಂಖ್ಯೆಯಿಂದ ಒಂದೇ ಪಾಠ ದೊರೆಯುತ್ತದೆ.